ಸೀಸದ ಗುಂಡಿಗೆ ಕಾಗದದ ಅಂಗಿ

ಕಾಗದದಲ್ಲಿ ಕಡಲೆ ಕಟ್ಟುವುದನ್ನು ಎಲ್ಲರೂ ನೋಡಿದ್ದಾರೆ. ಬಂದೂಕಿನ ಗುಂಡಿಗೂ ಕಾಗದ ಸುತ್ತುತ್ತಿದ್ದರೆಂದರೆ ನಂಬುವಿರಾ? ಹತ್ತೊಂಬತ್ತನೆಯ ಶತಮಾನದ ರೈಫಲ್ಲುಗಳಲ್ಲಿ ಇದು ಸಾಮಾನ್ಯ ಸಂಗತಿ. ಹಳೆಯ ಮಾದರಿಯ ರೈಫಲ್ಲುಗಳಿಂದ ಗುರಿ ಹೊಡೆಯುವ ಹವ್ಯಾಸಿಗಳು ವಿದೇಶಗಳಲ್ಲಿ ಇಂದಿಗೂ ಹೀಗೆ ಮಾಡುತ್ತಾರೆ.

ಕಾರಣ ಸರಳ. ರೈಫಲ್ಲಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ಗೀರುಗಳಿರುತ್ತವೆ. ಇವು ಗುಂಡನ್ನು ಬುಗುರಿಯಂತೆ ತಿರುಗಿಸುವುದರಿಂದ ಅದು ನೇರವಾಗಿ ಸಾಗುತ್ತದೆ. ಆದರೆ ಎರಕ ಹೊಯ್ದ ಸೀಸದ ಗುಂಡು ಮೆದು. ವೇಗವಾಗಿ ಉಜ್ಜಿಕೊಂಡು ಹೋಗುವಾಗ ಸೀಸವು ಗೀರುಗಳಲ್ಲಿ ಮೆತ್ತಿಕೊಂಡು ಗುರಿ ಕೆಡುತ್ತದೆ. ನಡುವೆ ತೆಳ್ಳನೆಯ ಕಾಗದವಿದ್ದರೆ ಸೀಸ ನಳಿಗೆಯನ್ನು ಮುಟ್ಟುವುದಿಲ್ಲ. ನಳಿಗೆಯಿಂದ ಹೊರಬಿದ್ದೊಡನೆ ಕಾಗದ ಚೂರಾಗಿ ಉದುರಬೇಕು. ಅಂಟಿಕೊಂಡೇ ಉಳಿದರೆ ಗುಂಡು ದಾರಿ ತಪ್ಪುತ್ತದೆ.

ಹಾಗಾದರೆ ಎಂಥ ಕಾಗದ ಬೇಕು? ಥಳಥಳಿಸುವ ಹಾಳೆಗೆ ಬಿಳಿ ಜೇಡಿಮಣ್ಣು ಅಥವಾ ಸುಣ್ಣಕಲ್ಲಿನ ಪುಡಿ ಬಳಿದಿರುತ್ತಾರೆ. ಆ ಪುಡಿ ನಳಿಗೆಯನ್ನು ಉಜ್ಜುತ್ತದೆ. ದಿನಪತ್ರಿಕೆಯ ಕಾಗದದ ನಾರು ಗಿಡ್ಡ; ನೆನೆದರೆ ಹರಿದುಹೋಗುತ್ತದೆ. ಹತ್ತಿಯ ಉದ್ದ ನಾರಿನ, ಎಲ್ಲ ಕಡೆ ಒಂದೇ ದಪ್ಪವಿರುವ ತೆಳು ಕಾಗದವೇ ಉತ್ತಮ. ನಮ್ಮ ನೋಟುಗಳ ಕಾಗದವೂ ಹತ್ತಿಯದೇ. ಎಷ್ಟು ಮಡಚಿದರೂ ಅದು ಬೇಗ ಹರಿಯದು. ಕಾಗದವನ್ನು ಒದ್ದೆ ಮಾಡಿ ಗುಂಡಿಗೆ ಸುತ್ತುತ್ತಾರೆ. ಒಣಗುವಾಗ ಅದು ಕುಗ್ಗಿ, ಅಂಟಿಲ್ಲದೆಯೇ ಬಿಗಿಯಾಗುತ್ತದೆ.

ವಿದ್ಯಾರ್ಥಿಗಳೇ, ಹಳೆಯ ಪತ್ರಿಕೆಯೊಂದನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಹರಿದು ನೋಡಿ. ಒಂದು ಕಡೆ ನೇರವಾಗಿ ಹರಿಯುತ್ತದೆ, ಇನ್ನೊಂದು ಕಡೆ ಅಂಕುಡೊಂಕಾಗಿ. ನೇರವಾಗಿ ಹರಿದದ್ದೇ ನಾರುಗಳು ಮಲಗಿರುವ ದಿಕ್ಕು. ನೆನೆದ ನಾರು ಉದ್ದಕ್ಕಿಂತ ಅಗಲಕ್ಕೆ ಹೆಚ್ಚು ಉಬ್ಬುತ್ತದೆ. ಆದ್ದರಿಂದ ಗುಂಡಿಗೆ ಕಾಗದ ಕತ್ತರಿಸುವಾಗ ಈ ದಿಕ್ಕನ್ನೂ ಗಮನಿಸಬೇಕಾಗುತ್ತದೆ.

ಈ ಪುಟ್ಟ ಕಾಗದ ನಮ್ಮ ದೇಶದ ಚರಿತ್ರೆಯಲ್ಲೂ ಕಾಣಿಸಿಕೊಂಡಿದೆ. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನ ತೋಟಾ ಕಾಗದದ್ದು. ಸಿಪಾಯಿ ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದು ಸುರಿದು, ಜಿಡ್ಡು ಸವರಿದ ಕಾಗದದ ಸಮೇತ ಗುಂಡನ್ನು ನಳಿಗೆಗೆ ತಳ್ಳಬೇಕಿತ್ತು. ಆ ಜಿಡ್ಡು ದನ, ಹಂದಿಗಳ ಕೊಬ್ಬೆಂಬ ಸುದ್ದಿ 1857ರ ಜನವರಿಯಲ್ಲಿ ಹಬ್ಬಿತು. ಫೆಬ್ರವರಿಯಲ್ಲಿ ಬಾರಕ್‌ಪುರದ ವಿಚಾರಣೆಯಲ್ಲಿ ಸಿಪಾಯಿಗಳು ಕಾಗದವನ್ನೇ ಶಂಕಿಸಿದರು: ಇದು ಹಿಂದಿನಂತಿಲ್ಲ, ಬಿಗಿಯಾಗಿದೆ, ಸುಟ್ಟರೆ ಜಿಡ್ಡಿನ ವಾಸನೆ ಬರುತ್ತದೆ. ಕಲ್ಕತ್ತೆಯ ರಸಾಯನ ಪರೀಕ್ಷಕರು ಕಾಗದದಲ್ಲಿ ಜಿಡ್ಡಿಲ್ಲವೆಂದು ವರದಿ ಕೊಟ್ಟರು. ಆದರೂ ಸಂಶಯ ಹೋಗಲಿಲ್ಲ.

ಹೋಗುವುದಾದರೂ ಹೇಗೆ? ಪರೀಕ್ಷೆ ಹೇಳಿದ್ದು ಖಾಲಿ ಕಾಗದದ ಗುಣ. ಸಿಪಾಯಿಗಳನ್ನು ಕಾಡಿದ್ದು, ತೋಟಾಕ್ಕೆ ಸವರಿದ್ದೇನು, ಸವರಿಸಿದವರ ಮನಸ್ಸಿನಲ್ಲೇನಿದೆ ಎಂಬುದು. ಉತ್ತರ ಸರಿಯಿದ್ದರೆ ಸಾಲದು, ಅದು ಕೇಳಿದ ಪ್ರಶ್ನೆಗೇ ಉತ್ತರವಾಗಿರಬೇಕು. ಪ್ರಯೋಗಶಾಲೆಯಲ್ಲಾಗಲಿ ಮನೆಯಲ್ಲಾಗಲಿ, ಮಕ್ಕಳೂ ಪಾಲಕರೂ ನೆನಪಿಡಬೇಕಾದ ಮಾತಿದು.