ಕೇಳಲು ಗೊತ್ತಿದ್ದರೆ ಮೊಬೈಲು ಹೇಳುತ್ತದೆ

ಮಗಳು ದ್ವಿತೀಯ ಪಿಯುಸಿ. ಬಿಎಸ್ಸಿ ಅಗ್ರಿ ಓದುವ ಆಸೆ. "ಅಪ್ಪ, ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಉಂಟಂತೆ. ಯಾವ ಕಾಗದ ಬೇಕು ನೋಡಿ" ಎಂದಳು. ಹಗಲಿಡೀ ಬೆಟ್ಟು ಗದ್ದೆ, ಗೇರು ಗುಡ್ಡೆ. ಮೊಬೈಲ್ ಹಿಡಿಯುವಾಗ ರಾತ್ರಿ ಒಂಬತ್ತೂವರೆ. "ಅಗ್ರಿ ಸೀಟು" ಅಂತ ಹೊಡೆದೆ. ಬಂದದ್ದೆಲ್ಲ ಎಲ್ಲೆಲ್ಲಿಯದೋ ಜಾಹೀರಾತು. ಒಂದರಲ್ಲಿ ನನ್ನ ನಂಬರ್ ಕೊಟ್ಟೆ. ಬೆಳಿಗ್ಗೆ ಫೋನ್ ಬಂತು: "ಸೀಟು ಹಿಡಿದಿಡಲು 5,000 ರೂಪಾಯಿ ಹಾಕಿ." ಹಾಕುವವನೇ ಇದ್ದೆ. ಮಗಳು ತಡೆದಳು.

ಆಮೇಲೆ ಯೋಚಿಸಿದೆ. ಕಾರ್ಕಳ ಪೇಟೆಯ ಅಂಗಡಿಗೆ ಹೋಗಿ ಬರೀ "ಬೀಜ ಕೊಡಿ" ಅಂದರೆ ಅವರು ಏನು ಕೊಟ್ಟಾರು? ಯಾವ ಬೀಜ, ಏಣಿಲಿಗೋ ಸುಗ್ಗಿಗೋ ಹೇಳಬೇಕಲ್ಲ. ಗೂಗಲ್ಲಿಗೂ ಹಾಗೆಯೇ. "ಕೃಷಿಕರ ಕೋಟಾ, ಬಿಎಸ್ಸಿ ಅಗ್ರಿ, ಬೇಕಾಗುವ ದಾಖಲೆ, ಕರ್ನಾಟಕ", ಜೊತೆಗೆ ಈ ವರ್ಷದ ಇಸವಿ ಹಾಕಿದೆ. ಬೇಕಾದದ್ದು ಮೇಲೆಯೇ ಬಂತು. ಟೈಪು ಮಾಡಲು ಕಷ್ಟವಾದರೆ ಮೈಕಿನ ಗುರುತು ಒತ್ತಿ ಕನ್ನಡದಲ್ಲೇ ಹೇಳಬಹುದು. ಎರಡು ಮೂರು ಪದ ಒಟ್ಟಿಗೇ ಇರಬೇಕಾದರೆ ಅವನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಬೇಕು.

ಎರಡನೆಯದು, ಯಾರು ಹೇಳಿದ್ದು ಅಂತ ನೋಡುವುದು. "ಸ್ಪಾನ್ಸರ್ಡ್" ಅಂತ ಇದ್ದರೆ ದುಡ್ಡು ಕೊಟ್ಟು ಮೇಲೆ ಕೂತದ್ದು. ಸರಕಾರಿ ತಾಣದ ಹೆಸರು "ಗವ್ ಡಾಟ್ ಇನ್" ಎಂದು ಹೆಚ್ಚಾಗಿ ಮುಗಿಯುತ್ತದೆ. ಅದರ ಬಾಲಕ್ಕೆ ಇನ್ನೊಂದು "ಡಾಟ್ ಕಾಮ್" ಅಂಟಿಕೊಂಡಿದ್ದರೆ ಮೋಸ ಅಂತ ತಿಳಿಯಿರಿ. ಸೀಟಿನ ವಿಷಯಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ತಾಣವನ್ನೇ ನೋಡಬೇಕು. ದುಡ್ಡು ಹೋಗಿಯೇ ಬಿಟ್ಟರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಮೂರನೆಯದು ತಾರೀಕು. ಗೇರಿನ ಟೀ ಸೊಳ್ಳೆಗೆ ಮದ್ದು ಹುಡುಕಿದರೆ ಎಂಡೋಸಲ್ಫಾನ್ ಬಿಡಿ ಎನ್ನುವ ಹಳೆಯ ಬರಹಗಳೂ ಸಿಗುತ್ತವೆ. ಅದನ್ನು 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು. ಕಾಸರಗೋಡಿನ ಗೇರು ತೋಟಗಳ ಸುತ್ತಲಿನವರು ಪಟ್ಟ ಪಾಡು ನಮಗೆ ಗೊತ್ತಿದ್ದದ್ದೇ. ಬರಹ ಹಳತಾದರೂ ಮೊಬೈಲಿನಲ್ಲಿ ಮಾಸುವುದಿಲ್ಲ, ಹೊಸತರ ಹಾಗೆಯೇ ಕಾಣುತ್ತದೆ.

ಕಡೆಯ ಮಾತು ಮಾತ್ರ ಮನುಷ್ಯರದ್ದೇ ಇರಲಿ. ಮದ್ದು ಬಿಡುವ ಮೊದಲು ನಾನು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳುತ್ತೇನೆ. ಕಿಸಾನ್ ಕಾಲ್ ಸೆಂಟರ್, 1800-180-1551, ಕನ್ನಡದಲ್ಲೇ ಉತ್ತರ ಕೊಡುತ್ತದೆ, ಖರ್ಚಿಲ್ಲ.

ಈಗ ಯಾವ ಕಚೇರಿಗೆ ಹೋದರೂ "ಆನ್‌ಲೈನಿನಲ್ಲಿ ಉಂಟು, ನೋಡಿಕೊಳ್ಳಿ" ಎಂಬ ಉತ್ತರ. ನೋಡುವುದು ಹೇಗೆ ಅಂತ ಹೇಳುವವರಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನಂಥ ಅಪ್ಪಂದಿರು, ಬೀಡಿ ಕಟ್ಟುತ್ತಾ ಮಕ್ಕಳನ್ನು ಓದಿಸುವ ಅಮ್ಮಂದಿರು ಊರಲ್ಲಿ ಎಷ್ಟಿಲ್ಲ? ಗ್ರಾಮ ಪಂಚಾಯತಿನ ಅರಿವು ಕೇಂದ್ರದಲ್ಲಿ ತಿಂಗಳಿಗೊಂದು ಸಂಜೆ ಇದನ್ನು ಕಲಿಸಲಿ. ಕಲಿಸಲು ದೊಡ್ಡವರು ಬೇಡ, ಪಿಯುಸಿ ಮಕ್ಕಳೇ ಸಾಕು. ಅಲ್ಲಿಯವರೆಗೆ ಮಕ್ಕಳ ಪಕ್ಕ ಕೂತು ಕಲಿಯಲು ನಾಚಿಕೆ ಬೇಡ. ನಾನು ಹಾಗೆಯೇ ಕಲಿತದ್ದು.