ಹಬ್ಬದ ಆಟದಲ್ಲಿ ಕಷಾಯದ ಪರೀಕ್ಷೆ

ಆಶ್ವಯುಜ ಬಹುಳ ಅಮಾವಾಸ್ಯೆಯ ಮುಂಜಾವಿನಲ್ಲಿ ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣವನ್ನು ಹೊಂದಿದರು. ಅದೇ ದಿನ ಗೌತಮ ಗಣಧರರಿಗೆ ಕೇವಲಜ್ಞಾನ ಪ್ರಾಪ್ತವಾಯಿತು. ಆದುದರಿಂದ ಜೈನರಿಗೆ ದೀಪಾವಳಿಯು ನಿರ್ವಾಣೋತ್ಸವ. ಬಸದಿಯಲ್ಲಿ ಪೂಜೆ ಮುಗಿದ ಬಳಿಕ ಉಳಿದ ಹೊತ್ತು ಬಂಧುಗಳದು. ದೂರದ ಊರುಗಳಿಂದ ಮಕ್ಕಳು, ಮೊಮ್ಮಕ್ಕಳು ಬಂದಿರುತ್ತಾರೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಗಳಲ್ಲಿ ಹಬ್ಬದ ಸಂಜೆ ದೀರ್ಘವಾದುದು. ಆಗ ಜಗಲಿಯಲ್ಲಿ ಚೌಕಾಬಾರದ ಮನೆಗಳನ್ನು ಬರೆಯುತ್ತಾರೆ, ಅಟ್ಟದಿಂದ ಚೆನ್ನೆಮಣೆ ಇಳಿಯುತ್ತದೆ, ಮಕ್ಕಳು ಹಾವು ಏಣಿಯ ಪಟವನ್ನು ಹರಡುತ್ತಾರೆ. ಈ ಆಟಗಳ ವಿಷಯದಲ್ಲಿ ಶ್ರಾವಕಧರ್ಮಕ್ಕೆ ಹೇಳಲು ಏನಾದರೂ ಇದೆಯೇ?

ಇದೆ, ಮತ್ತು ಅದು ನಾವು ಎಣಿಸಿದ್ದಕ್ಕಿಂತ ಕಠಿಣವಾಗಿದೆ. ಸಪ್ತವ್ಯಸನಗಳ ಪಟ್ಟಿಯಲ್ಲಿ ಮೊದಲ ಸ್ಥಾನ ದ್ಯೂತಕ್ಕೆ. ಮಾಂಸ, ಮದ್ಯ, ಬೇಟೆ, ಕಳವುಗಳೆಲ್ಲ ಅದರ ನಂತರ ಬರುತ್ತವೆ. ಹಣವಿಟ್ಟು ಆಡುವುದು ಸಲ್ಲದೆಂಬುದನ್ನು ಎಲ್ಲರೂ ಬಲ್ಲರು. ಆದರೆ 13ನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಜೂಜನ್ನು ತ್ಯಜಿಸಿದವನು ಕೇವಲ ಮನೋವಿನೋದಕ್ಕಾಗಿ ಪಂದ್ಯ ಕಟ್ಟಿದರೂ ಅದು ದೋಷವೇ ಎನ್ನುತ್ತಾರೆ. ಅವರು ಕೊಡುವ ಕಾರಣ ಗಮನಾರ್ಹವಾದುದು. ಅಲ್ಲಿ ಹಣ ನಷ್ಟವಾಗುತ್ತದೆ ಎಂದು ಅವರು ಹೇಳುವುದಿಲ್ಲ. ಗೆದ್ದವನಲ್ಲಿ ಹರ್ಷವೂ ಸೋತವನಲ್ಲಿ ಅಮರ್ಷವೂ ಹುಟ್ಟುತ್ತವೆ. ಕಷಾಯವೇ ಪಾಪಕ್ಕೆ ನೇರವಾದ ಕಾರಣ ಎನ್ನುತ್ತಾರೆ.

ಹಾಗಾದರೆ ಹಬ್ಬದ ಆಟವನ್ನೇ ಬಿಟ್ಟುಬಿಡಬೇಕೆ? ಪ್ರತಿಮೆಗಳನ್ನು ಧರಿಸಿ ವ್ರತದಲ್ಲಿ ಮುಂದುವರಿದವರು ಬಿಡುವುದೇ ಉಚಿತ. ಆದರೆ ಜೈನ ಪರಂಪರೆ ಆಟದ ಪಟವನ್ನು ಸಂಪೂರ್ಣವಾಗಿ ದೂರ ಸರಿಸಲಿಲ್ಲ ಎಂಬುದನ್ನೂ ನೆನೆಯಬೇಕು. ಗುಜರಾತ್, ರಾಜಸ್ಥಾನಗಳ ಜೈನರಲ್ಲಿ ‘ಜ್ಞಾನಬಾಜಿ’ ಎಂಬ ಆಟ ಪ್ರಚಲಿತವಾಗಿತ್ತು. ಪರ್ಯುಷಣದ ದಿನಗಳಲ್ಲಿ ಅದನ್ನು ಆಡುತ್ತಿದ್ದರು. ಬಟ್ಟೆಯ ಮೇಲೋ ಕಾಗದದ ಮೇಲೋ ಚಿತ್ರಿಸಿದ ಆ ಪಟಗಳಲ್ಲಿ ಸಾಮಾನ್ಯವಾಗಿ 84 ಮನೆಗಳು. ಒಂದೊಂದು ಮನೆಗೂ ಒಂದು ಗುಣದ, ದೋಷದ ಅಥವಾ ಗತಿಯ ಹೆಸರು. ಸದ್ಗುಣದಿಂದ ಏಣಿ ಮೇಲಕ್ಕೆ, ದುರ್ಗುಣದಿಂದ ಹಾವು ಕೆಳಕ್ಕೆ. ಪಟದ ತುದಿಯಲ್ಲಿ ಸಿದ್ಧರ ನೆಲೆಯಾದ ಸಿದ್ಧಶಿಲೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಬಗೆಯ ಭಾರತೀಯ ಆಟ ಇಂಗ್ಲೆಂಡಿಗೆ ಹೋಯಿತು. ಕಾಲಕ್ರಮದಲ್ಲಿ ಮನೆಗಳ ಹೆಸರುಗಳು ಅಳಿಸಿಹೋಗಿ ಬರಿಯ ಅಂಕಿಗಳು ಉಳಿದವು. ಇಂದು ನಮ್ಮ ಮಕ್ಕಳ ಕೈಯಲ್ಲಿರುವುದು ಆ ಹೆಸರಿಲ್ಲದ ಪಟ.

ಇಲ್ಲಿ ಒಂದು ಸಂದೇಹ ಏಳಬಹುದು. ಗರ ಬಿದ್ದಂತೆ ಕಾಯಿ ನಡೆಯುತ್ತದೆ. ಆಡುವವನು ಕ್ರೋಧಿಯಾಗಿರದಿದ್ದರೂ ಅವನ ಕಾಯಿ ಕ್ರೋಧದ ಮನೆಗೆ ಹೋಗಿ ಹಾವಿನ ಬಾಯಿಗೆ ಬೀಳಬಹುದು. ಪುರುಷಾರ್ಥಕ್ಕೆ ಅವಕಾಶವೇ ಇಲ್ಲದ ಆಟ ಧರ್ಮವನ್ನು ಹೇಗೆ ಕಲಿಸೀತು? ಇದಕ್ಕೆ ಉತ್ತರ ಪಟದ ಮೇಲಿಲ್ಲ, ಪಟದ ಸುತ್ತ ಕುಳಿತವರಲ್ಲಿದೆ. ಉದಯಕ್ಕೆ ಬಂದ ಕರ್ಮದ ಫಲವನ್ನು ನಾವು ಆ ಗಳಿಗೆಯಲ್ಲಿ ಆಯ್ದುಕೊಳ್ಳಲಾರೆವು. ಆದರೆ ಅದನ್ನು ಯಾವ ಭಾವದಿಂದ ಸ್ವೀಕರಿಸುತ್ತೇವೆ ಎಂಬುದು ನಮ್ಮದು. ರಾಗದ್ವೇಷಗಳಿಂದ ಸ್ವೀಕರಿಸಿದರೆ ಹೊಸ ಬಂಧ, ಸಮತೆಯಿಂದ ಸ್ವೀಕರಿಸಿದರೆ ಆ ಬಂಧ ಸಡಿಲ. ಬಿದ್ದ ಗರವನ್ನು ನಗುತ್ತ ಒಪ್ಪಿಕೊಳ್ಳುವ ಮಗು ಈ ಪಾಠದ ಮೊದಲ ಅಕ್ಷರವನ್ನು ಕಲಿತಂತೆ.

ಚೌಕಾಬಾರದಲ್ಲಿ ಪರೀಕ್ಷೆ ಇನ್ನೂ ಸೂಕ್ಷ್ಮ. ಅಲ್ಲಿ ಎದುರಾಳಿಯ ಕಾಯಿಯನ್ನು ಹೊಡೆಯಬೇಕು. ಒಂದಾದರೂ ಕಾಯಿ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎಂಬ ನಿಯಮವೂ ಹಲವೆಡೆ ಇದೆ. ಮರದ ಕಾಯಿಗೆ ನೋವಿಲ್ಲ, ನಿಜ. ಆದರೆ ಜನ್ನನ ‘ಯಶೋಧರಚರಿತೆ’ಯ ಕಥೆಯನ್ನು ಕನ್ನಡಿಗರು ಮರೆತಿಲ್ಲ. ಬಲಿಗೆ ಒಪ್ಪಿಸಿದ್ದು ಹಿಟ್ಟಿನ ಕೋಳಿ. ಆದರೂ ಸಂಕಲ್ಪದ ಹಿಂಸೆಯಿಂದಾಗಿ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಪ್ರಾಣಿಜನ್ಮಗಳಲ್ಲಿ ತೊಳಲಿದರು. ಕೈಯಲ್ಲಿ ಏನಿತ್ತು ಎಂಬುದಕ್ಕಿಂತ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಧರ್ಮ ಕೇಳುತ್ತದೆ. ಆಟದ ನಿಯಮದಂತೆ ಕಾಯಿ ಹೊಡೆಯುವುದು ಒಂದು; ತಮ್ಮನ ಮುಖ ಬಾಡುವುದನ್ನು ನೋಡಬೇಕೆಂದು ಹೊಡೆಯುವುದು ಇನ್ನೊಂದು. ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ಅನರ್ಥದಂಡದ ಬಗೆಗಳನ್ನು ವಿವರಿಸುವಾಗ, ಪರರಿಗೆ ಸೋಲು, ಬಂಧನ, ಹಾನಿಗಳು ಹೇಗೆ ಒದಗಲಿ ಎಂದು ಮನಸ್ಸಿನಲ್ಲೇ ಚಿಂತಿಸುವುದನ್ನು ಅಪಧ್ಯಾನವೆಂದು ಕರೆದಿದ್ದಾರೆ. ಪ್ರಯೋಜನವಿಲ್ಲದೆ ಗಳಿಸುವ ಪಾಪವದು.

ಇದು ದೂರದ ತತ್ತ್ವವಲ್ಲ. ಹಬ್ಬಕ್ಕೆ ಸೇರುವ ಎಷ್ಟೋ ಕುಟುಂಬಗಳಲ್ಲಿ ಅಣ್ಣತಮ್ಮಂದಿರ ನಡುವೆ ಜಮೀನಿನ ಪಾಲಿನ ವಿವಾದವಿರುತ್ತದೆ, ನಾದಿನಿ ಅತ್ತಿಗೆಯರ ನಡುವೆ ಹಳೆಯ ಮಾತಿನ ಗಾಯವಿರುತ್ತದೆ. ಅಂಥವರು ಒಂದೇ ಪಟದ ಸುತ್ತ ಕುಳಿತಾಗ ಎರಡು ದಾರಿಗಳಿವೆ. ಹೊಡೆದ ಕಾಯಿಯ ನೆಪದಲ್ಲಿ ಹಳೆಯ ಜಗಳ ಹೊಸ ಮಾತಾಗಬಹುದು. ಇಲ್ಲವೇ, ವರ್ಷದಿಂದ ಮಾತು ಬಿಟ್ಟವರು ‘ಈಗ ನಿನ್ನ ಗರ’ ಎಂದಾದರೂ ಅನ್ನಬಹುದು. ಮುರಿದ ಸಂಬಂಧಕ್ಕೆ ಕೆಲವೊಮ್ಮೆ ಅಷ್ಟೇ ಸಣ್ಣ ಬಾಗಿಲು ಬೇಕಾಗಿರುತ್ತದೆ. ಆಶಾಧರರ ಎಚ್ಚರಿಕೆಯನ್ನು ಗೌರವಿಸುವ ಗೃಹಸ್ಥನು ಆಡುವುದಾದರೆ ಈ ಎರಡನೆಯ ದಾರಿಗಾಗಿ ಆಡಬೇಕು.

ಅದಕ್ಕೆ ಕೆಲವು ಮರ್ಯಾದೆಗಳು ಅಗತ್ಯ. ಮೊದಲನೆಯದು, ಪಣ ಬೇಡ. ಬಲಿಪಾಡ್ಯಮಿಯಂದು ಆಡಿ ಗೆದ್ದರೆ ಶುಭವೆಂಬ ನಂಬಿಕೆಯಿಂದ ಹಲವು ಕಡೆ ಇಸ್ಪೀಟಿಗೆ ಹಣ ಕಟ್ಟುತ್ತಾರೆ. ಹತ್ತು ರೂಪಾಯಿಯಾದರೂ ಅದು ಲೋಭಕ್ಕೆ ಹಾಕಿದ ಮಣೆ. ಸರ್ವವನ್ನೂ ತ್ಯಜಿಸಿದ ಮಹಾತ್ಮನ ನಿರ್ವಾಣವನ್ನು ಸ್ಮರಿಸಿದ ಮರುದಿನವೇ ಬಂಧುವಿನ ಜೇಬಿನತ್ತ ದೃಷ್ಟಿ ಹರಿಯುವುದು ಯಾವ ಬಗೆಯ ಹಬ್ಬ?

ಎರಡನೆಯದು, ವಂಚನೆಯನ್ನು ನಗೆಯಾಗಿ ಕಾಣಬಾರದು. ಮಗು ಕಾಯಿಯನ್ನು ಒಂದು ಮನೆ ಮುಂದೆ ಸರಿಸಿದಾಗ ‘ಎಷ್ಟು ಜಾಣ’ ಎಂದು ಮೆಚ್ಚಿದರೆ ನಾವೇ ಮಾಯಾಕಷಾಯಕ್ಕೆ ನೀರೆರೆದಂತೆ. ಗದರುವುದೂ ಬೇಡ, ಕಾಯಿಯನ್ನು ಹಿಂದಕ್ಕಿಡಿಸಿದರೆ ಸಾಕು.

ಮೂರನೆಯದು, ಪಟದ ಸುತ್ತ ಎಲ್ಲರಿಗೂ ಸ್ಥಳವಿರಲಿ. ಕೈ ನಡುಗುವ ಅಜ್ಜನ ಪರವಾಗಿ ಮೊಮ್ಮಗಳು ಕಾಯಿ ನಡೆಸಲಿ. ಗಂಡಸರು ಆಡುವಾಗ ಹೆಂಗಸರು ಅಡುಗೆಮನೆಯಲ್ಲೇ ಉಳಿಯುವುದು ಸಮತೆಯಲ್ಲ. ಪಾತ್ರೆಗಳನ್ನು ಕೂಡಿ ತೊಳೆದು ಕೂಡಿ ಕುಳಿತುಕೊಳ್ಳಲಿ. ಕವಡೆಯೂ ಒಂದು ಕಾಲಕ್ಕೆ ದ್ವೀಂದ್ರಿಯ ಜೀವಿಯ ಮೈಯಾಗಿತ್ತೆಂದು ಅಳುಕುವವರಿಗೆ ಒಂದು ಬದಿ ತೇಯ್ದ ಹುಣಸೆ ಬೀಜಗಳಿವೆ. ಹಳ್ಳಿಯ ಮಕ್ಕಳು ಅವುಗಳಿಂದಲೇ ಆಡಿ ಬೆಳೆದವರು.

ನಾಲ್ಕನೆಯದು, ಕಾಲದ ಮಿತಿ. ಸಾಮಾಯಿಕಕ್ಕೆ ಹಿರಿಯರು ಹೇಳಿದ ಅವಧಿ ಒಂದು ಮುಹೂರ್ತ, ಅಂದರೆ 48 ನಿಮಿಷ. ಆಟಕ್ಕೂ ಅದಕ್ಕಿಂತ ಹೆಚ್ಚು ಕಾಲ ಬೇಡ. ಗೆಲ್ಲುತ್ತಿರುವಾಗಲೂ ಎದ್ದು ಬರಬಲ್ಲವನು ಆಟವನ್ನು ಆಡಿದನು. ಏಳಲಾರದವನನ್ನು ಆಟವೇ ಆಡಿಸಿತು.

ಏಳುವ ಮೊದಲು ಇನ್ನೊಂದು ಕೆಲಸ ಬಾಕಿಯಿರುತ್ತದೆ. ಆಟದ ಬಿಸಿಯಲ್ಲಿ ಒರಟು ಮಾತು ಬಂದಿದ್ದರೆ ಅಲ್ಲಿಯೇ ಕ್ಷಮೆ ಕೇಳಬೇಕು. ಅದಕ್ಕಾಗಿ ಮುಂದಿನ ಕ್ಷಮಾವಣಿಯವರೆಗೆ ಕಾಯಬೇಕಾಗಿಲ್ಲ. ಹಿರಿಯರು ಕಿರಿಯರಲ್ಲಿ ಕೇಳಿದರೆ ಮಕ್ಕಳು ಅದನ್ನು ಯಾವ ಪ್ರವಚನಕ್ಕಿಂತಲೂ ಚೆನ್ನಾಗಿ ನೆನಪಿಡುತ್ತಾರೆ.

ಚೌಕಾಬಾರದಲ್ಲಿ ಸುತ್ತು ಮುಗಿಸಿ ನಡುಮನೆ ಸೇರಿದ ಕಾಯಿಯನ್ನು ‘ಹಣ್ಣಾಯಿತು’ ಎನ್ನುತ್ತೇವೆ. ಆ ಹಣ್ಣು ಮರದ ತುಂಡಿಗೆ ಮಾತ್ರ ದಕ್ಕಿದರೆ ಸಂಜೆ ವ್ಯರ್ಥವಾಯಿತು. ಸೋತವನ ಮನಸ್ಸಿನಲ್ಲಿ ಕಹಿಯೂ ಗೆದ್ದವನ ಮನಸ್ಸಿನಲ್ಲಿ ಮದವೂ ಉಳಿಯದೆ, ಎಲ್ಲರೂ ಒಂದೇ ದೀಪದ ಬೆಳಕಿನಲ್ಲಿ ಣಮೋಕಾರ ಹೇಳಿ ಮಲಗಿದರೆ ಆ ಮನೆಯ ದೀಪಾವಳಿ ಸಾರ್ಥಕ.