ಮಡಿಲು ಸೀಟಲ್ಲ

ಕಾರು ಕೊಳ್ಳುವ ವಿಷಯದಲ್ಲಿ ನಮ್ಮ ಐಟಿ ಮಂದಿಯಷ್ಟು ತಲೆ ಕೆಡಿಸಿಕೊಳ್ಳುವವರು ಬೇರೆ ಯಾರೂ ಇಲ್ಲ. ಮೂರು ತಿಂಗಳು ಯೂಟ್ಯೂಬ್ ನೋಡುತ್ತೇವೆ. ಎಕ್ಸೆಲ್ ಶೀಟ್ ಮಾಡುತ್ತೇವೆ. ಮೈಲೇಜಿಗೊಂದು ಕಾಲಂ, ರೀಸೇಲಿಗೊಂದು, ಸರ್ವಿಸ್ ಖರ್ಚಿಗೊಂದು. ಪೆಟ್ರೋಲೋ ಹೈಬ್ರಿಡ್ಡೋ ಎಂದು ವಾದಿಸುತ್ತ ಕ್ಯಾಂಟೀನಿನಲ್ಲಿ ಚಹಾ ಆರಿಸುತ್ತೇವೆ. ಇಷ್ಟೆಲ್ಲ ಮಾಡಿ ತಂದ ಕಾರಿನಲ್ಲಿ ಮೂರು ತಿಂಗಳ ಮಗು ಎಲ್ಲಿ ಕೂರುತ್ತದೆ? ಅಜ್ಜಿಯ ತೊಡೆಯ ಮೇಲೆ. ನಾಯಿ ಎಲ್ಲಿ ಕೂರುತ್ತದೆ? ಮುಂದಿನ ಕಿಟಕಿಯಲ್ಲಿ, ಗಾಳಿಗೆ ನಾಲಿಗೆ ಚಾಚಿಕೊಂಡು. ಆ ಎಕ್ಸೆಲ್ ಶೀಟಿನಲ್ಲಿ ಇವರಿಬ್ಬರಿಗೂ ಕಾಲಂ ಇರಲಿಲ್ಲ.

ನನ್ನ ತಕರಾರು ಇಷ್ಟೇ: ಮಡಿಲು ಸೀಟಲ್ಲ. ಮಗುವಿಗೂ ಅಲ್ಲ, ನಾಯಿಗೂ ಅಲ್ಲ. ಮನೆಯಲ್ಲಿ ಹಸುಗೂಸೂ ನಾಯಿಯೂ ಇದ್ದರೆ ಕಾರಿನ ಆಯ್ಕೆ ಶುರುವಾಗಬೇಕಾದದ್ದು ಮಗುವಿನ ಸೀಟಿನಿಂದ ಮತ್ತು ನಾಯಿಯ ಕ್ರೇಟಿನಿಂದ. ಕಾರು ಆಮೇಲೆ.

ಊರು ಬಿಟ್ಟು ಬಂದ ನಮಗೆ ಈ ಮಾತು ಹೆಚ್ಚು ತಾಗಬೇಕು. ಹೆರಿಗೆ ತವರಿನಲ್ಲಿ, ಕೆಲಸ ಪುಣೆಯಲ್ಲಿ. ಬಾಣಂತನ ಮುಗಿಸಿ ತಾಯಿ ಮಗು ವಾಪಸು ಬರುವ ದಿನವೇ ಆ ಮಗುವಿನ ಮೊದಲ ದೊಡ್ಡ ಪ್ರಯಾಣ. ಹುಬ್ಬಳ್ಳಿಯಿಂದ ಪುಣೆಗೆ ನಾನೂರು ಕಿ.ಮೀ.ಗೂ ಹೆಚ್ಚು: ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಕರಾಡ, ಸಾತಾರಾ, ಆಮೇಲೆ ಖಂಬಾಟಕಿ ಘಾಟ್. ಊರಲ್ಲೇ ಇರುವವರ ಮಗು ಆ ವಯಸ್ಸಿಗೆ ಓಣಿಯ ತುದಿಯನ್ನೂ ಕಂಡಿರುವುದಿಲ್ಲ. ನಾಯಿಯ ಕಥೆಯೂ ಹಾಗೆಯೇ. ಊರಲ್ಲಾದರೆ ಪಕ್ಕದ ಮನೆಯವರು ಎರಡು ದಿನ ರೊಟ್ಟಿ ಹಾಕುತ್ತಾರೆ. ಇಲ್ಲಿ ಸೊಸೈಟಿಯಲ್ಲಿ ಲಿಫ್ಟ್ ಹತ್ತಿಸಲಿಕ್ಕೇ ಜಗಳ. ರೈಲಿನಲ್ಲಿ ನಾಯಿ ನಮ್ಮ ಜೊತೆ ಕೂರಬೇಕಾದರೆ ಫಸ್ಟ್ ಎಸಿಯಲ್ಲಿ ಇಡೀ ಕೂಪೆ ಸಿಗಬೇಕು, ಇಲ್ಲವಾದರೆ ಬ್ರೇಕ್ ವ್ಯಾನಿನ ಪೆಟ್ಟಿಗೆ. ಬಸ್ಸಿನವರು ಹತ್ತಿಸುವುದೇ ಅಪರೂಪ. ಹಾಗಾಗಿ ಇಡೀ ಸಂಸಾರ ಒಂದೇ ಕಾರಿನಲ್ಲಿ ಹೊರಡುತ್ತದೆ.

ಈಗ ಸ್ವಲ್ಪ ಲೆಕ್ಕ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಕಾರು ಏನಕ್ಕಾದರೂ ಗುದ್ದಿ ಅರ್ಧ ಮೀಟರಿನೊಳಗೆ ನಿಂತಿತು ಎನ್ನಿ. ಇಡೀ ಘಟನೆಗೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಹಿಡಿಯುವುದಿಲ್ಲ. ಆ ಹೊತ್ತಿನಲ್ಲಿ ಒಳಗಿರುವ ಪ್ರತಿಯೊಂದೂ ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. 5 ಕೆ.ಜಿ.ಯ ಮಗುವನ್ನು ಹಿಡಿದು ನಿಲ್ಲಿಸಲು ಅಜ್ಜಿಯ ಕೈಗಳು 100 ಕೆ.ಜಿ. ಅಕ್ಕಿ ಮೂಟೆಯನ್ನು ತಡೆಯುವಷ್ಟು ಬಲ ಹಾಕಬೇಕು, ಅದೂ ಕಣ್ಣು ಮಿಟುಕಿಸುವುದರೊಳಗೆ. ಜಟ್ಟಿಗೂ ಆಗದ ಕೆಲಸ. ಅಜ್ಜಿ ಬೆಲ್ಟ್ ಹಾಕಿರದಿದ್ದರೆ 60 ಕೆ.ಜಿ.ಯ ಅವರ ದೇಹವೇ 1200 ಕೆ.ಜಿ.ಯ ಒತ್ತಡವಾಗಿ ಮಗುವನ್ನು ಮುಂದಿನ ಸೀಟಿಗೆ ಅಮುಕುತ್ತದೆ.

‘ನಮ್ಮ ಟ್ರಾಫಿಕ್ಕಿನಲ್ಲಿ 50 ಎಲ್ಲಿ ಬರುತ್ತದೆ?’ ಎನ್ನುವವರಿಗೆ ಇನ್ನೊಂದು ಲೆಕ್ಕ. 50 ಕಿ.ಮೀ. ವೇಗದಲ್ಲಿ ಗುದ್ದುವುದೆಂದರೆ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬಿದ್ದ ಹಾಗೆ. 30 ಕಿ.ಮೀ. ವೇಗವೆಂದರೆ ಮೂರೂವರೆ ಮೀಟರ್, ಮೊದಲ ಮಹಡಿ. ಮೊದಲ ಮಹಡಿಯ ಬಾಲ್ಕನಿಯ ಕಟ್ಟೆಯ ಮೇಲೆ ಮಗುವನ್ನು ಕೂರಿಸಿ ‘ಹಿಡಿದುಕೊಂಡಿದ್ದೇನಲ್ಲ’ ಎಂದು ಯಾರೂ ಹೇಳುವುದಿಲ್ಲ. ಕಾರಿನಲ್ಲಿ ದಿನಾ ಹೇಳುತ್ತೇವೆ.

ಈ ಮಾತು ಎತ್ತಿದಾಗ ನಮ್ಮ ಅವ್ವ ಅಂದದ್ದು: “ನಾಕು ಮಕ್ಕಳನ್ನ ಇದ ತೊಡಿ ಮ್ಯಾಲ ಬೆಳಸೀನಿ. ಇದಕ್ಕ ಈಗ ಕುರ್ಚಿ ಬೇಕೇನು?” ಅವ್ವನ ತೊಡೆಯ ಬಗ್ಗೆ ನನಗೆ ಗೌರವವಿದೆ, ಆ ನಾಲ್ವರಲ್ಲಿ ನಾನೂ ಒಬ್ಬ. ಆದರೆ ಆ ತೊಡೆ ಕುಳಿತದ್ದು ಚಕ್ಕಡಿಯಲ್ಲಿ, ಹಾದಿಯುದ್ದಕ್ಕೂ ನಿಂತು ನಿಂತು ಹೋಗುವ ಕೆಂಪು ಬಸ್ಸಿನಲ್ಲಿ. ಈಗ ಅದೇ ತೊಡೆ ಆರು ಪಥದ ಹೆದ್ದಾರಿಯ ಮೇಲೆ ನೂರರ ವೇಗದಲ್ಲಿ ಕುಳಿತಿದೆ. ರಸ್ತೆ ಬದಲಾಯಿತು, ಗಾಡಿ ಬದಲಾಯಿತು, ತೊಡೆ ಮಾತ್ರ ಅದೇ. ಹಿರಿಯರಿಗೆ ಇದನ್ನು ಬಿಡಿಸಿ ಹೇಳುವ ಕೆಲಸ ನಮ್ಮದು. ‘ಅವರ ಮನಸ್ಸಿಗೆ ನೋವಾಗುತ್ತದೆ’ ಎಂದು ಸುಮ್ಮನಾಗುವುದು ಸೌಜನ್ಯವಲ್ಲ, ಸೋಮಾರಿತನ.

ಕಾನೂನು ಏನು ಹೇಳುತ್ತದೆ? 2019ರ ಮೋಟಾರು ವಾಹನ ತಿದ್ದುಪಡಿಯ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದೆ ಕರೆದೊಯ್ದರೆ 1000 ರೂಪಾಯಿ ದಂಡ. ಈ ದಂಡ ತೆತ್ತವರನ್ನು ನಾನಂತೂ ಕಂಡಿಲ್ಲ. ಟೋಲ್ ನಾಕಾದಲ್ಲಿ ಪೊಲೀಸರು ಚಾಲಕನ ಎದೆ ನೋಡುತ್ತಾರೆ, ಹಿಂದಿನ ಸೀಟನ್ನು ನೋಡುವುದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ಸೀಟ್ ಬೆಲ್ಟ್ ಹಾಕದೆ ಸತ್ತವರು 16,715 ಮಂದಿ. ಅವರಲ್ಲಿ 8,331 ಮಂದಿ ಪ್ರಯಾಣಿಕರು, ಅಂದರೆ ಹೆಚ್ಚುಕಡಿಮೆ ಅರ್ಧ. ಅದೇ ವರ್ಷ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಸೈರಸ್ ಮಿಸ್ತ್ರಿ ತೀರಿಕೊಂಡರು. ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ದುಬಾರಿ ಕಾರು ಅವರನ್ನು ಕಾಯಲಿಲ್ಲ. ಒಂದು ವಾರ ಹಿಂದಿನ ಬೆಲ್ಟಿನ ಬಗ್ಗೆ ಎಲ್ಲರೂ ಮಾತಾಡಿದೆವು. ಆಮೇಲೆ ಕೊಂಡಿ ಮತ್ತೆ ಸೀಟ್ ಕವರಿನ ಅಡಿ ಸೇರಿತು.

ಇನ್ನು ನಕ್ಷತ್ರಗಳ ವಿಷಯ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಭಾರತದ ಐದು ಸಣ್ಣ ಕಾರುಗಳ ಕೆಳಗಿನ ಮಾದರಿಗಳನ್ನು ಗುದ್ದಿಸಿ ನೋಡಿದಾಗ ಐದಕ್ಕೂ ಸೊನ್ನೆ ಬಂದಿತ್ತು. 2023ರ ಅಕ್ಟೋಬರ್ 1ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಬಂದಿದೆ. ಇದು ನಿಜವಾದ ಪ್ರಗತಿ. ಆದರೆ ‘ಫೈವ್ ಸ್ಟಾರ್ ತಗೊಂಡಿದೀವಿ, ಇನ್ನೇನು ಭಯ’ ಎನ್ನುವವರು ಆ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಓದಲಿ. ಗಂಟೆಗೆ 64 ಕಿ.ಮೀ. ವೇಗದಲ್ಲಿ ಕಾರನ್ನು ತಡೆಗೋಡೆಗೆ ಗುದ್ದಿಸುವಾಗ ಹಿಂದಿನ ಸೀಟಿನಲ್ಲಿ ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಕ್ಕಳ ಅಳತೆಯ ಬೊಂಬೆಗಳಿರುತ್ತವೆ. ಎರಡೂ ಮಕ್ಕಳ ಸೀಟಿನಲ್ಲಿ, ಪಟ್ಟಿ ಬಿಗಿದು ಕುಳಿತಿರುತ್ತವೆ. ಯಾವ ಬೊಂಬೆಯನ್ನೂ ಇನ್ನೊಂದು ಬೊಂಬೆಯ ಮಡಿಲಲ್ಲಿ ಕೂರಿಸುವುದಿಲ್ಲ. ಮಡಿಲಲ್ಲಿ ಕೂತ ಮಗುವಿಗೆ ನಿಮ್ಮ ಕಾರಿನ ಐದು ನಕ್ಷತ್ರದಲ್ಲಿ ಒಂದೂ ಸೇರಿಲ್ಲ.

ಆ ಪರೀಕ್ಷೆಯಲ್ಲಿ ಮಕ್ಕಳ ರಕ್ಷಣೆಗೆ ಬೇರೆಯೇ 49 ಅಂಕಗಳಿವೆ. ಅದರಲ್ಲಿ ಮಕ್ಕಳ ಸೀಟನ್ನು ಸರಿಯಾಗಿ ಕೂರಿಸಲು ಬರುತ್ತದೆಯೇ ಎಂಬುದಕ್ಕೆ 12. ದೊಡ್ಡವರ ಅಂಕದ ಜೊತೆ ಈ ಅಂಕವನ್ನೂ ನೋಡಬೇಕು. ನಾವು ನೋಡುವುದಿಲ್ಲ, ಹಾಗಾಗಿ ಮಾರುವವರೂ ಹೇಳುವುದಿಲ್ಲ. ಪುಣೆಯ ಒಂದು ಶೋರೂಮಿನಲ್ಲಿ ಹಿಂದಿನ ಸೀಟಿನ ಐಸೊಫಿಕ್ಸ್ ಕೊಂಡಿ ತೋರಿಸಿ ಎಂದೆ. ಮಕ್ಕಳ ಸೀಟನ್ನು ಕಾರಿನ ಚೌಕಟ್ಟಿಗೇ ಕಚ್ಚಿಸುವ ಉಕ್ಕಿನ ಕೊಂಡಿ ಅದು. ಹುಡುಗ ಬ್ರೋಷರ್ ತಿರುವಿದ, ಸೀಟಿನ ಸಂದಿಯಲ್ಲಿ ಬೆರಳಾಡಿಸಿದ, ಕೊನೆಗೆ ನಕ್ಕು “ಸರ್, ಬಚ್ಚಾ ತೋ ಮಮ್ಮೀ ಕೀ ಗೋದ್ ಮೇ ಬೈಠೇಗಾ ನಾ” ಎಂದ. ಸನ್‌ರೂಫನ್ನು ಮಾತಿನಿಂದ ತೆರೆಯುವುದು ಹೇಗೆಂದು ಅದೇ ಹುಡುಗ ಆಗಷ್ಟೇ ಉತ್ಸಾಹದಿಂದ ತೋರಿಸಿದ್ದ. ಅವನನ್ನು ಬೈದು ಪ್ರಯೋಜನವಿಲ್ಲ. ಗಿರಾಕಿಗಳು ಕೇಳುವುದನ್ನೇ ಅವನು ಕಲಿತಿದ್ದಾನೆ.

ಸನ್‌ರೂಫ್ ಎಂದೆನಲ್ಲ. ಹೆದ್ದಾರಿಯಲ್ಲಿ ಅದರಿಂದ ಅರ್ಧ ದೇಹ ಹೊರಗೆ ಹಾಕಿ ನಿಂತ ಮಕ್ಕಳನ್ನು ಎಲ್ಲರೂ ನೋಡಿದ್ದೇವೆ. ಸನ್‌ರೂಫ್ ಇರುವ ಮಾದರಿಗೆ ಹೆಚ್ಚುಕಡಿಮೆ ಒಂದು ಲಕ್ಷ ಜಾಸ್ತಿ ಕೊಡಲು ತಕರಾರಿಲ್ಲದವರು, ಹತ್ತರಿಂದ ಇಪ್ಪತ್ತೈದು ಸಾವಿರಕ್ಕೆ ಸಿಗುವ ಮಗುವಿನ ಸೀಟನ್ನು ‘ಎರಡು ವರ್ಷಕ್ಕೆ ವೇಸ್ಟ್’ ಎನ್ನುತ್ತಾರೆ. ಸ್ಕೂಟರಿನಲ್ಲಿ ಸಂಸಾರ ಸಾಗಿಸುವವರಿಗೆ ನಾನು ಈ ಮಾತು ಹೇಳುತ್ತಿಲ್ಲ. ಅವರ ಕಷ್ಟ ಬೇರೆ. ಹದಿನೈದು ಲಕ್ಷದ ಕಾರು ಬುಕ್ ಮಾಡಿ ಸೀಟಿಗೆ ಚೌಕಾಸಿ ಮಾಡುವವರಿಗೆ ಹೇಳುತ್ತಿದ್ದೇನೆ.

ಈಗ ನಾಯಿ. ಇಲ್ಲಿ ಎರಡು ಪಂಗಡಗಳಿವೆ, ಎರಡರ ಮೇಲೂ ನನಗೆ ಸಿಟ್ಟಿದೆ. ಮೊದಲನೆಯವರು ‘ಮಗು ಬಂತಲ್ಲ, ಇನ್ನು ನಾಯಿ ಯಾರಿಗಾದರೂ ಕೊಟ್ಟುಬಿಡಿ’ ಎನ್ನುವವರು. ಆರು ವರ್ಷ ಬಾಗಿಲು ಕಾದ ಜೀವವನ್ನು ಹಳೆಯ ಸೋಫಾದಂತೆ ಸಾಗಿಸಿಬಿಡಿ ಎನ್ನುವ ಸಲಹೆ ಇದು. ಎರಡನೆಯವರು ನಾಯಿಯನ್ನು ‘ನಮ್ಮ ಮೊದಲನೇ ಮಗು’ ಎನ್ನುತ್ತ ತೊಡೆಯ ಮೇಲೆ ಕೂರಿಸಿಕೊಂಡೇ ಸ್ಟೀರಿಂಗ್ ತಿರುಗಿಸುವವರು. ಮೇಲಿನ ಲೆಕ್ಕವನ್ನು ಅವರೂ ಹಾಕಲಿ. 30 ಕೆ.ಜಿ.ಯ ಲ್ಯಾಬ್ರಡಾರ್ 20 ಪಟ್ಟು ಎಂದರೆ 600 ಕೆ.ಜಿ. ಕಟ್ಟದ ನಾಯಿ ಹಿಂದಿನಿಂದ ಹಾರಿ ಬಂದರೆ ಅದೂ ಉಳಿಯುವುದಿಲ್ಲ, ಅದರ ದಾರಿಯಲ್ಲಿ ಮಗುವಿದ್ದರೆ ಮಗುವೂ ಉಳಿಯುವುದಿಲ್ಲ. ನಾಯಿಯನ್ನು ಭದ್ರಪಡಿಸುವುದು ಮಗುವಿನ ಸುರಕ್ಷತೆಯ ಭಾಗವೇ.

ಹಾಗಾದರೆ ಎಂಥ ಕಾರು? ಸೆಡಾನ್ ನಮಗೆ ಆಗುವುದಿಲ್ಲ. ಅದರ ಡಿಕ್ಕಿ ಮುಚ್ಚಿದ ಪೆಟ್ಟಿಗೆ, ನಾಯಿಯನ್ನು ಅಲ್ಲಿಡಲಾಗದು. ನಾಯಿ ಹಿಂದಿನ ಸೀಟಿಗೆ ಬಂದರೆ ಮಗುವಿನ ಸೀಟು, ಅಜ್ಜಿ, ನಾಯಿ ಮೂವರೂ ಒಂದೇ ಸಾಲಿನಲ್ಲಿ ಒತ್ತಿ ಕೂರಬೇಕು. ಡಿಕ್ಕಿ ಒಳಾಂಗಣಕ್ಕೆ ತೆರೆದುಕೊಂಡಿರುವ ಗಾಡಿ ಬೇಕು. ಸಣ್ಣ ನಾಯಿಗೆ ಹ್ಯಾಚ್‌ಬ್ಯಾಕ್ ಅಥವಾ ಸಣ್ಣ ಎಸ್‌ಯುವಿ ಸಾಕು. ದೊಡ್ಡ ನಾಯಿಗೆ, ಅಥವಾ ನಮ್ಮ ಮನೆಯಂತೆ ಎರಡು ನಾಯಿಗೆ, ಏಳು ಸೀಟಿನ ಗಾಡಿ ಕೊಂಡು ಕೊನೆಯ ಸಾಲನ್ನು ಮಡಚಿಡುವುದೇ ಸರಿ. ಮಗುವೂ ಅಜ್ಜಿಯೂ ಎರಡನೇ ಸಾಲಿನಲ್ಲಿ, ನಾಯಿಗಳು ಹಿಂದೆ ಸೀಟಿನ ಬೆನ್ನಿಗೆ ಒತ್ತಿ ಕಟ್ಟಿದ ಕ್ರೇಟಿನಲ್ಲಿ. ಏಳು ಸೀಟಿದೆಯೆಂದು ಏಳು ಜನರನ್ನು ತುಂಬಿದರೆ ಲಗೇಜಿಗೇ ಜಾಗವಿಲ್ಲ, ನಾಯಿಗೆಲ್ಲಿಂದ ಬರಬೇಕು? ಸಿಎನ್‌ಜಿ ಕೊಳ್ಳುವವರು ಸಿಲಿಂಡರ್ ಎಲ್ಲಿ ಕೂರುತ್ತದೆ ಎಂದು ಮೊದಲು ನೋಡಲಿ.

ಶೋರೂಮಿಗೆ ಹೋಗುವಾಗ ಮಗುವಿನ ಸೀಟನ್ನೂ ಒಂದು ಅಳತೆ ಟೇಪನ್ನೂ ಜೊತೆಗೆ ಒಯ್ಯಿರಿ. ಹಸುಗೂಸಿನ ಸೀಟು ಹಿಮ್ಮುಖವಾಗಿ ಕೂರಬೇಕು, ಕನಿಷ್ಠ 15 ತಿಂಗಳವರೆಗೆ. ಮಗುವಿನ ತಲೆ ದೇಹದ ಕಾಲು ಭಾಗ, ಕತ್ತು ಇನ್ನೂ ಎಳಸು. ಹಿಮ್ಮುಖವಾಗಿದ್ದರೆ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಆ ಸೀಟನ್ನು ಹಿಂದಿನ ಎಡ ಬದಿಗೆ ಕೂರಿಸಿ ನೋಡಿ, ಫುಟ್‌ಪಾತಿನ ಕಡೆಯಿಂದ ಮಗುವನ್ನು ಎತ್ತಿಳಿಸಬಹುದು. ಆಗ ಮುಂದಿನ ಸೀಟಿನಲ್ಲಿ ಮೊಣಕಾಲು ಮಡಚಲು ಜಾಗ ಉಳಿಯುತ್ತದೆಯೇ? ಬಾಗಿಲು ಸಾಕಷ್ಟು ಅಗಲ ತೆರೆಯುತ್ತದೆಯೇ? ಸೀಟಿನ ಮೇಲ್ಪಟ್ಟಿ ಡಿಕ್ಕಿಯ ಕಡೆ ಇಳಿಯುವುದಾದರೆ ಕ್ರೇಟಿಗೆ ಅಡ್ಡ ಬರುತ್ತದೆಯೇ? ಡಿಕ್ಕಿಯ ಲೀಟರ್ ಲೆಕ್ಕ ನಂಬಬೇಡಿ, ನಾಯಿ ಲೀಟರಿನಲ್ಲಿ ಮಲಗುವುದಿಲ್ಲ. ಉದ್ದ, ಅಗಲ, ಎತ್ತರ ಅಳೆಯಿರಿ. ಹಿಂದಿನವರೆಗೆ ಎಸಿ ಗಾಳಿ ಮುಟ್ಟುತ್ತದೆಯೇ ಎಂದು ಡಿಕ್ಕಿಗೆ ಕೈ ಹಾಕಿ ನೋಡಿ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿಗೆ ಹಿಮ್ಮುಖ ಸೀಟನ್ನು ಯಾವ ಕಾರಣಕ್ಕೂ ಕಟ್ಟಬಾರದು. ಯಾರೋ ಬಳಸಿದ, ಅಪಘಾತ ಕಂಡಿದೆಯೋ ಇಲ್ಲವೋ ತಿಳಿಯದ ಸೀಟು ಬೇಡ. ಕ್ರೇಟ್ ಹಿಡಿಸದಿದ್ದರೆ ನಾಯಿಗೆ ಎದೆಗೆ ಹಾಕುವ ಹಾರ್ನೆಸ್ ಇರಲಿ. ಕತ್ತಿನ ಪಟ್ಟಿಗೆ ಬೆಲ್ಟ್ ಕಟ್ಟಿದರೆ ಅದು ಉರುಳಾಗುತ್ತದೆ.

‘ಸೀಟಿನಲ್ಲಿ ಮಗು ಅಳುತ್ತದೆ’ ಎನ್ನುತ್ತಾರೆ. ಅಳಲಿ, ಗಾಡಿ ನಿಲ್ಲಿಸಿ. ಎರಡು ಗಂಟೆಗೊಮ್ಮೆ, ತೀರ ಎಳೆಗೂಸಾದರೆ ಇನ್ನೂ ಬೇಗ, ಮಗುವನ್ನು ಸೀಟಿನಿಂದ ಎತ್ತಲೇಬೇಕು. ಹಾಲು ಕುಡಿಸುವುದು ಗಾಡಿ ನಿಂತಾಗ. ನಾಯಿಗೂ ಆಗಲೇ ನೀರು. ಆದರೆ ಊಟ ಮಾಡಿ ಬರುತ್ತೇವೆಂದು ಯಾರನ್ನೂ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಬಿಸಿಲಿಗೆ ನಿಂತ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ. ಏಳು ಗಂಟೆಯ ಹಾದಿ ಹತ್ತು ಗಂಟೆಯಾಗುತ್ತದೆ. ಕ್ಲೈಂಟಿಗೆ ಕೊಡುವ ಪ್ಲಾನಿನಲ್ಲಿ ಎರಡು ವಾರ ಬಫರ್ ಇಟ್ಟುಕೊಳ್ಳುವ ನಮಗೆ ಮಗುವಿಗಾಗಿ ಮೂರು ಗಂಟೆ ಬಫರ್ ಇಡಲು ಏನು ಅಡ್ಡಿ?

ತವರಿನಿಂದ ಬಾಣಂತಿಯನ್ನು ಕಳಿಸುವಾಗ ತೊಟ್ಟಿಲು, ಕುಲಾವಿ, ಬೆಳ್ಳಿ ಕಡಗ ಕೊಡುವ ಪದ್ಧತಿ ನಮ್ಮಲ್ಲಿದೆ. ಆ ಪಟ್ಟಿಗೆ ಮಗುವಿನ ಸೀಟನ್ನೂ ಸೇರಿಸಿ. ಸೋದರಮಾವ ಕೊಡಲಿ, ಆಫೀಸಿನವರು ಚಂದಾ ಎತ್ತಿ ಕೊಡಲಿ, ಯಾರೂ ಕೊಡದಿದ್ದರೆ ನೀವೇ ಕೊಳ್ಳಿ. ಮೊದಲು ಸೀಟು, ಆಮೇಲೆ ಕ್ರೇಟು, ಆಮೇಲೆ ಎರಡೂ ಹಿಡಿಸುವ ಕಾರು. ಬಣ್ಣದ ಚರ್ಚೆ ಕೊನೆಗೆ, ಸಮಯ ಉಳಿದರೆ.